ಆಕಾಶಕ್ಕೆ ಹಿಡಿದು ನೋಡಲು ಇನ್‌ಫ್ರಾರೆಡ್ ಥರ್ಮಾಮೀಟರ್

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುವ ಪಿಸ್ತೂಲಿನಾಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಎಂಜಿನ್ ಬಿಸಿ ನೋಡಲು ಮಾಡಿದ್ದು. ಆದರೆ ನೀರಾವಿ ಭೂಮಿಯ ಶಾಖವನ್ನು ಹಿಡಿದಿಡುವುದನ್ನು ಕಣ್ಣಾರೆ ತೋರಿಸಲು ಇಷ್ಟು ಅಗ್ಗದ ಸಾಧನ ಬೇರೆ ಇಲ್ಲ.

ಕೊಳ್ಳುವಾಗ ಕೆಳಮಿತಿ ನೋಡಿ: ಮೈನಸ್ 50 ಡಿಗ್ರಿ ಇರಲಿ. ಮೈನಸ್ 20ಕ್ಕೇ ನಿಲ್ಲುವ ಮಾದರಿ ಜನವರಿಯ ಒಣ ರಾತ್ರಿಯಲ್ಲಿ ಅಂಕಿಯನ್ನೇ ತೋರಿಸದೆ ಹೋಗಬಹುದು. ಜ್ವರ ನೋಡುವ ಗನ್ ಖಂಡಿತ ಬೇಡ. ದೃಷ್ಟಿ ಅನುಪಾತ, ಅಂದರೆ ದೂರಕ್ಕೂ ಸಾಧನ ನೋಡುವ ವೃತ್ತದ ಅಗಲಕ್ಕೂ ಇರುವ ಅನುಪಾತ, 12:1 ಇದ್ದರೆ ಸಾಕು. ಈ ಸಾಧನ ಗ್ರಹಿಸುವ 8ರಿಂದ 14 ಮೈಕ್ರಾನ್ ತರಂಗಾಂತರದ ಪಟ್ಟಿಯಲ್ಲಿ ನೀರಾವಿ ಶಾಖವನ್ನು ಪೂರ್ತಿ ತಡೆಯುವುದಿಲ್ಲ. ಹಾಗಾಗಿಯೇ ತೇವ ಹೆಚ್ಚಾದಂತೆ ಅಂಕಿ ಮೇಲೇರುವುದು ಚೆನ್ನಾಗಿ ಕಾಣುತ್ತದೆ.

ತಾರಸಿಗೆ ತಂದು 20 ನಿಮಿಷ ಬಿಡಿ. ಬೆಚ್ಚಗಿನ ಕೋಣೆಯಿಂದ ತಂದ ಕೂಡಲೇ ಅಳೆದರೆ ಅಂಕಿ ತಪ್ಪುತ್ತದೆ. ನೇರ ನೆತ್ತಿಗೆ ಹಿಡಿಯಿರಿ, ಸೂರ್ಯನತ್ತ ಬೇಡ. ಒಣ, ನಿರಭ್ರ ಆಕಾಶ ಸೊನ್ನೆಗಿಂತ ಎಷ್ಟೋ ಕೆಳಗೆ ತೋರಿಸುತ್ತದೆ. ಜುಲೈಯ ತಗ್ಗಿನ ಮೋಡ? ಗಾಳಿಯ ಉಷ್ಣತೆಗೆ ಹತ್ತಿರ ಬರುತ್ತದೆ. ಮೋಡ ಕವಿದ ರಾತ್ರಿ ತಾರಸಿ ಬೇಗ ತಣಿಯದಿರುವುದಕ್ಕೆ ಕಾರಣ ಇದೇ. ಎಮಿಸಿವಿಟಿ (ವಸ್ತು ಎಷ್ಟು ಚೆನ್ನಾಗಿ ಶಾಖ ಸೂಸುತ್ತದೆ ಎಂಬ ಸೆಟ್ಟಿಂಗ್) 0.95ರಲ್ಲೇ ಇಟ್ಟು, ದಿನಾ ಒಂದೇ ಹೊತ್ತಿಗೆ ಬರೆದಿಟ್ಟುಕೊಳ್ಳಿ. ಲೆನ್ಸ್ ಮೇಲೆ ಇಬ್ಬನಿ ಕೂತಿದ್ದರೆ ಆ ದಿನದ ಅಂಕಿ ಬಿಟ್ಟುಬಿಡಿ.