ಆಲೂಗಡ್ಡೆ ಎಲ್ಲಿಟ್ಟರೆ ಉಳಿಯುತ್ತದೆ? ಐದು ಕಡೆ ಇಟ್ಟು ನೋಡಿದ್ದು

ನಮ್ಮದು ಬೀದರ್ ತಾಲ್ಲೂಕು. ಕೆಂಪು ಮಣ್ಣಿನ ಹೊಲ, ಸ್ವಲ್ಪ ಅಗೆದರೆ ಜಂಬಿಟ್ಟಿಗೆ ಕಲ್ಲು. ದೀಪಾವಳಿ ಮುಗಿದ ಮೇಲೆ ಒಂದು ಎಕರೆಗೆ ಆಲೂಗಡ್ಡೆ ಹಾಕುತ್ತೇವೆ, ಫೆಬ್ರವರಿಯಲ್ಲಿ ಕೀಳುತ್ತೇವೆ. ತಳಿ ಕುಫ್ರಿ ಜ್ಯೋತಿ. ಕಿತ್ತ ವಾರ ಮಾರುಕಟ್ಟೆಯಲ್ಲಿ ಎಲ್ಲರ ಮಾಲೂ ಒಟ್ಟಿಗೆ ಬರುತ್ತದೆ, ರೇಟು ನೆಲ ಕಚ್ಚುತ್ತದೆ. ಎರಡು ತಿಂಗಳು ತಡೆದರೆ ಚೆನ್ನಾಗಿ ಸಿಗುತ್ತದೆ. ಆದರೆ ಆ ಎರಡು ತಿಂಗಳೇ ನಮ್ಮ ಕಡೆ ಬಿಸಿಲು ಏರುವ ಕಾಲ. ಏಪ್ರಿಲ್‌ ಬಂದರೆ 40 ಡಿಗ್ರಿ. ಹಾಗಾಗಿ ಎರಡು ವರ್ಷ ಪಟ್ಟು ಹಿಡಿದು ಒಂದೊಂದು ಕಡೆ 50 ಕೆಜಿ ಇಟ್ಟು, ಯುಗಾದಿಗೆ ಒಮ್ಮೆ, ಬಸವ ಜಯಂತಿಗೆ ಒಮ್ಮೆ ಆರಿಸಿ ತೂಗಿದೆ.

ಎಲ್ಲಾ ಕಡೆಗೂ ಒಂದೇ ತರಹದ ಮಾಲು ಹೋಗಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥ ಇಲ್ಲ. ಬಳ್ಳಿ ಕೊಯ್ದು ಹಾಕಿ ಹನ್ನೆರಡು ದಿನ ಗಡ್ಡೆಯನ್ನು ಮಣ್ಣಲ್ಲೇ ಬಿಟ್ಟೆ. ಹೆಬ್ಬೆರಳಿನಿಂದ ಒತ್ತಿ ಉಜ್ಜಿದರೆ ಸಿಪ್ಪೆ ಏಳಬಾರದು, ಅಲ್ಲಿಯವರೆಗೆ ಕೀಳಬಾರದು. ಕಿತ್ತ ಮೇಲೆ ತೊಳೆಯಲಿಲ್ಲ. ನೆರಳಲ್ಲಿ ಹರಡಿ ಮೇಲೆ ಗೋಣಿ ತಟ್ಟು ಮುಚ್ಚಿ ಹತ್ತು ದಿನ ಬಿಟ್ಟೆ. ಸಣ್ಣ ಗೀರುಗಳೆಲ್ಲ ಅಷ್ಟರಲ್ಲಿ ಮಾಯುತ್ತವೆ. ಗುದ್ದಲಿ ಏಟು ಬಿದ್ದದ್ದು, ಬಿಸಿಲಿಗೆ ಬಿದ್ದು ಹಸಿರಾದದ್ದು ಎಲ್ಲ ಬೇರೆ ತೆಗೆದೆ. ಹಸಿರಾದದ್ದು ವಿಷ, ತಿನ್ನಬಾರದು. ದನಕ್ಕೂ ಹಾಕಬೇಡಿ.

ಮೊದಲು ತಗಡಿನ ಕೋಣೆ. ಊರಲ್ಲಿ ಹೆಚ್ಚಿನವರು ಮಾಡುವುದೇ ಇದು: ಚೀಲಕ್ಕೆ ತುಂಬುವುದು, ಒಂದರ ಮೇಲೊಂದು ಪೇರಿಸುವುದು, ಬಾಗಿಲು ಹಾಕುವುದು. ಯುಗಾದಿಗೆ ತೂಗಿದರೆ 50ರಲ್ಲಿ 39 ಕೆಜಿ ಇತ್ತು. ಅದೂ ಸುಕ್ಕು ಬಿದ್ದು ಮೆತ್ತಗಾಗಿತ್ತು, ಅರ್ಧಕ್ಕೆ ಮೊಳಕೆ. ಮಧ್ಯದ ಚೀಲಕ್ಕೆ ಕೈ ಹಾಕಿದರೆ ಒಳಗೆ ಬಿಸಿ. ಇದರ ಬಗ್ಗೆ ಇನ್ನು ಹೇಳುವುದೇನೂ ಇಲ್ಲ, ಮಾಡಬೇಡಿ.

ಎರಡನೆಯದು ಹಗೇವು, ಅಂದರೆ ನೆಲದಡಿ ಕಾಳು ತುಂಬಿಡುವ ಕುಣಿ. ಇದರ ಮೇಲೆ ನನಗೆ ಬಹಳ ಆಸೆ ಇತ್ತು. ಅಜ್ಜನ ಕಾಲದಲ್ಲಿ ನಮ್ಮ ಮನೆಯ ಜೋಳ ವರ್ಷಗಟ್ಟಲೆ ಹಗೇವಿನಲ್ಲೇ ಇರುತ್ತಿತ್ತು. ನೌಬಾದ್ ಕಡೆ ಬಹಮನಿ ಕಾಲದ ಸುರಂಗ ಬಾವಿ ನೋಡಿದವರಿಗೆ ಗೊತ್ತು, ನಮ್ಮ ಜಂಬಿಟ್ಟಿಗೆಯ ಅಡಿಯಲ್ಲಿ ಎಂಥ ಬೇಸಿಗೆಯಲ್ಲೂ ಎಷ್ಟು ತಂಪಿರುತ್ತದೆ ಅಂತ. ಹಳೆಯ ಹಗೇವು ಸ್ವಚ್ಛ ಮಾಡಿ, ತಳಕ್ಕೆ ಕಣಿಕೆ (ಜೋಳದ ಒಣ ದಂಟು) ಹಾಸಿ, 50 ಕೆಜಿ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದೆ. ಮೂರು ವಾರಕ್ಕೆ ತೆಗೆದೆ. ತೆಗೆದ ಕೂಡಲೇ ಇಳಿಯಲಿಲ್ಲ, ದಿನವಿಡೀ ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು ಅದು ಆರದೆ ಉರಿಯುವುದನ್ನು ನೋಡಿಯೇ ಇಳಿದದ್ದು. ಹಗೇವಿನ ಗಾಳಿಗೆ ಜೀವ ಹೋದವರಿದ್ದಾರೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದೀಪವೂ ಪೂರಾ ಭರವಸೆಯಲ್ಲ, ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಲೇಬೇಕು.

ಮೇಲೆ ತಂದ ಗಡ್ಡೆ ನೋಡಲಿಕ್ಕೆ ಚೆನ್ನಾಗಿಯೇ ಇತ್ತು. ಸುಕ್ಕಿಲ್ಲ, ಮೊಳಕೆ ಇಲ್ಲ. ಅವ್ವ ಒಂದನ್ನು ಎರಡು ಹೋಳು ಮಾಡಿದಳು. ಸುತ್ತ ಬಿಳಿ, ನಟ್ಟ ನಡುವೆ ಮಸಿ ಬಳಿದಂತೆ ಕಪ್ಪು. ಇನ್ನೊಂದು ಕೊಯ್ದಳು, ಅದೂ ಹಾಗೇ. ‘ಉಸಿರು ಕಟ್ಟಿ ಸತ್ತಾವ ನೋಡಪ್ಪ’ ಅಂದಳು. ಅವಳು ಹೇಳಿದ್ದು ಅಕ್ಷರಶಃ ನಿಜ. ಒಣಗಿದ ಜೋಳಕ್ಕೆ ಉಸಿರು ಬಹಳ ಕಡಿಮೆ. ಗಾಳಿ ಇಲ್ಲದಿದ್ದರೆ ಹುಳ ಸಾಯುತ್ತದೆ, ಕಾಳು ಉಳಿಯುತ್ತದೆ. ಆಲೂಗಡ್ಡೆ ಹಸಿ ಜೀವ. ಅದು ಗಾಳಿ ಎಳೆದುಕೊಳ್ಳುತ್ತಲೇ ಇರುತ್ತದೆ, ಶಾಖ ಬಿಡುತ್ತಲೇ ಇರುತ್ತದೆ. ಜೋಳ ಉಳಿಸಿದ ಬಿಗಿಯೇ ಇದನ್ನು ಕೊಂದಿತು.

ಮೂರನೆಯದು ಬೇವಿನ ಮರದ ಕೆಳಗಿನ ಗುಡ್ಡೆ. ಇದಕ್ಕೆ ರೊಕ್ಕ ಬೇಕಿಲ್ಲ. ನೆಲದ ಮೇಲೆ ಒಣ ಬೇವಿನ ಸೊಪ್ಪು, ಅದರ ಮೇಲೆ ಎರಡು ಅಡಿಗಿಂತ ಎತ್ತರ ಇಲ್ಲದ ಗುಡ್ಡೆ, ಮೇಲೆ ಒಂದು ಗೇಣು ದಪ್ಪ ಜೋಳದ ಕಣಿಕೆ. ಹಗೇವಿನ ಪಾಠ ಆಗಿತ್ತಲ್ಲ, ಅದಕ್ಕೆ ಗುಡ್ಡೆಯ ನಡುವೆ ತೊಗರಿ ಕಟ್ಟಿಗೆಯ ಒಂದು ಸಿವುಡು ನೆಟ್ಟಗೆ ನಿಲ್ಲಿಸಿದೆ. ಒಳಗಿನ ಬಿಸಿ ಗಾಳಿ ಆ ಕಟ್ಟಿಗೆಗಳ ಸಂದಿಯಿಂದ ಮೇಲೆ ಹೋಗುತ್ತದೆ. ಯುಗಾದಿಗೆ 45 ಕೆಜಿ ಒಳ್ಳೆಯದು ಸಿಕ್ಕಿತು. ಖರ್ಚಿಲ್ಲದ ವಿಧಾನಕ್ಕೆ ಇದು ದೊಡ್ಡ ಮಾತು.

ಆಮೇಲೆ ಪತಂಗ ಬಂತು. ಗಡ್ಡೆಯ ಕಣ್ಣಿನ ಹತ್ತಿರ ಕಪ್ಪು ಪುಡಿ ಅಂಟಿಕೊಂಡಿದ್ದರೆ ಒಳಗೆ ಹುಳು ಕೊರೆಯುತ್ತಿದೆ ಅಂತ ತಿಳಿಯಿರಿ. ಇದು ಹೊಲದಿಂದಲೇ ಬರುತ್ತದೆ. ಮಣ್ಣು ಸರಿಯಾಗಿ ಏರಿಸದೆ ಗಡ್ಡೆ ಹೊರಗೆ ಕಂಡರೆ ಪತಂಗ ಅದರ ಮೇಲೆ ಮೊಟ್ಟೆ ಇಡುತ್ತದೆ. ಬೇವಿನ ಸೊಪ್ಪು ತಡೆ ಆಯಿತು, ಪೂರಾ ತಡೆಯಲಿಲ್ಲ. ಬಸವ ಜಯಂತಿಗೆ 32 ಕೆಜಿ ಉಳಿಯಿತು. ಎರಡನೇ ವರ್ಷ ಮಣ್ಣು ಎರಡು ಸಲ ಏರಿಸಿದೆ, ಗುಡ್ಡೆಯ ಮೇಲೆ ಒಂದು ಇಂಚು ಒಣ ಉಸುಕು ಹರಡಿ ಅದರ ಮೇಲೆ ಕಣಿಕೆ ಹಾಕಿದೆ. ಹುಳು ಬಹಳ ಕಡಿಮೆ ಆಯಿತು.

ನಾಲ್ಕನೆಯದಕ್ಕೆ ನಾನು ಮನಸೋತಿದ್ದೇನೆ, ಬಚ್ಚಿಡುವುದಿಲ್ಲ. ಇಟ್ಟಿಗೆ ಮತ್ತು ಉಸುಕಿನ ತಂಪು ಪೆಟ್ಟಿಗೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ್ದು, ಕರೆಂಟು ಬೇಕಿಲ್ಲ. ನೆಲಕ್ಕೆ ಒಂದು ಸಾಲು ಇಟ್ಟಿಗೆ. ಸುತ್ತ ಎರಡು ಗೋಡೆ, ನಡುವೆ ಮೂರು ಇಂಚು ಸಂದಿ, ಆ ಸಂದಿಗೆ ಉಸುಕು. ಉದ್ದ ಐದೂವರೆ ಅಡಿ, ಅಗಲ ನಾಲ್ಕಕ್ಕೆ ಸ್ವಲ್ಪ ಕಡಿಮೆ, ಎತ್ತರ ಎರಡು ಅಡಿಯ ಮೇಲೆ. 100 ಕೆಜಿವರೆಗೆ ಹಿಡಿಯುತ್ತದೆ. ಬೆಳಿಗ್ಗೆ ಸಂಜೆ ಉಸುಕಿಗೆ ನೀರು. ಮಣ್ಣಿನ ಕೊಡದ ನೀರು ಹೇಗೆ ತಂಪಾಗುತ್ತದೋ ಇದೂ ಹಾಗೆಯೇ. ಗಾಳಿ ಒಣಗಿದಷ್ಟೂ ತಂಪು ಜಾಸ್ತಿ. ಅದಕ್ಕೇ ಇದು ನಮ್ಮ ಕಡೆಯ ಬೇಸಿಗೆಗೆ ಹೇಳಿ ಮಾಡಿಸಿದ್ದು. ಏಪ್ರಿಲ್‌ ಮಧ್ಯಾಹ್ನ ಹೊರಗೆ 40 ಇದ್ದಾಗ ಒಳಗಿನ ಥರ್ಮಾಮೀಟರ್ 27 ತೋರಿಸಿತು.

ಮೊದಲ ವರ್ಷ ಒಂದು ತಪ್ಪು ಮಾಡಿದೆ. ಮುಚ್ಚಳದ ಗೋಣಿಗೂ ನೀರು ಹಾಕುತ್ತಿದ್ದೆ. ಅದು ಹನಿ ಹನಿಯಾಗಿ ಗಡ್ಡೆಯ ಮೇಲೆ ಬಿದ್ದು, ಒಂದು ಮೂಲೆಯಲ್ಲಿ ನಾಲ್ಕೈದು ಗಡ್ಡೆ ಕೊಳೆತು ಲೋಳೆಯಾದವು. ವಾಸನೆ ಹಿಡಿದು ಪತ್ತೆ ಮಾಡಿದವಳು ಅವ್ವನೇ. ಆಮೇಲೆ ಗಡ್ಡೆಯನ್ನು ಪ್ಲಾಸ್ಟಿಕ್ ಕ್ರೇಟಿನಲ್ಲಿ ಹಾಕಿ, ಕ್ರೇಟನ್ನು ಇಟ್ಟಿಗೆ ಮೇಲೆ ಎತ್ತಿಟ್ಟೆ. ಮುಚ್ಚಳಕ್ಕೆ ತೊಗರಿ ಕಟ್ಟಿಗೆಯ ತಟ್ಟಿ, ಮೇಲೆ ಒಣ ಗೋಣಿ, ಬೆಳಕು ನುಗ್ಗಬಾರದು. ದಿನಾ ರಾತ್ರಿ ಒಂದು ಗಂಟೆ ತಟ್ಟಿ ಸರಿಸಿ ಗಾಳಿ ಆಡಲಿಕ್ಕೆ ಬಿಡುತ್ತೇನೆ. ಈ ಬದಲಾವಣೆಯ ನಂತರ ಯುಗಾದಿಗೆ 48 ಕೆಜಿ, ಬಸವ ಜಯಂತಿಗೆ 42 ಕೆಜಿ. ಚಿಕ್ಕ ಮೊಳಕೆ ಇತ್ತು, ಮುರಿದು ಹಾಕಿದೆ. ಗಡ್ಡೆ ಗಟ್ಟಿ ಇತ್ತು. 27 ಡಿಗ್ರಿಯಲ್ಲಿ ಮೊಳಕೆ ನಿಲ್ಲಿಸಲಿಕ್ಕೆ ಆಗುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಮಳೆ ಶುರುವಾದರೆ ಇದರ ಕೆಲಸ ಮುಗಿಯಿತು. ಹೊರಗೇ ತೇವ ಇದ್ದಾಗ ಒಳಗೆ ತಂಪಾಗದು, ಬೂಸ್ಟು ಬರುತ್ತದೆ.

ಐದನೆಯದು ಕೋಲ್ಡ್ ಸ್ಟೋರೇಜ್. ತೂಕದಲ್ಲಿ ಇದನ್ನು ಯಾವುದೂ ಮೀರಿಸಲಿಲ್ಲ, 50ಕ್ಕೆ 49 ವಾಪಸ್ ಬಂತು. ಆದರೆ ಮನೆಯಲ್ಲಿ ಪಲ್ಯ ಮಾಡಿದರೆ ಸಿಹಿ. ಹಪ್ಪಳದ ಹೋಳು ಕರಿದರೆ ಕಂದು ಬಣ್ಣ. 2ರಿಂದ 4 ಡಿಗ್ರಿಯಲ್ಲಿ ಇಟ್ಟಾಗ ಗಡ್ಡೆಯೊಳಗಿನ ಪಿಷ್ಟ ಸಕ್ಕರೆ ಆಗುತ್ತದೆ. ಎರಡು ವಾರ ಮನೆಯ ನೆರಳಲ್ಲಿ ಹರಡಿಟ್ಟ ಮೇಲೆ ಸಿಹಿ ಬಹಳ ಮಟ್ಟಿಗೆ ಇಳಿಯಿತು. ತಿನ್ನುವ ಗಡ್ಡೆಗೆ 10 ಡಿಗ್ರಿ ಆಸುಪಾಸು ಸಾಕು, ಆದರೆ ನಾನು ಇಟ್ಟ ಕಡೆ ಎಲ್ಲಕ್ಕೂ ಒಂದೇ ಕೋಣೆ. ಜೊತೆಗೆ ಬಾಡಿಗೆ, ಟೆಂಪೊ, ಹಮಾಲಿ. ಹತ್ತಿಪ್ಪತ್ತು ಚೀಲದ ರೈತನಿಗೆ ಎರಡು ತಿಂಗಳಿಗಾಗಿ ಇದು ಗಿಟ್ಟುವುದಿಲ್ಲ. ಬಿತ್ತನೆ ಗಡ್ಡೆಯನ್ನು ಅಕ್ಟೋಬರ್‌ವರೆಗೆ ಉಳಿಸಬೇಕು ಅಂದರೆ ಮಾತ್ರ ಇದನ್ನು ಬಿಟ್ಟು ಬೇರೆ ದಾರಿ ಇಲ್ಲ.

ಹಾಗಾದರೆ ನನ್ನ ಆಯ್ಕೆ? ಯುಗಾದಿಯೊಳಗೆ ಮಾರುವುದಾದರೆ ಗುಡ್ಡೆ. ಬಸವ ಜಯಂತಿವರೆಗೆ ತಡೆಯುವುದಾದರೆ ಪೆಟ್ಟಿಗೆ. ಈಗ ನಮ್ಮಲ್ಲಿ ಮೂರು ಪೆಟ್ಟಿಗೆ ಇವೆ, ಉಳಿದದ್ದಕ್ಕೆ ಗುಡ್ಡೆ.

ಬೇರೆ ಗಡ್ಡೆಗಳನ್ನೂ ಅದೇ ಪೆಟ್ಟಿಗೆಯಲ್ಲಿ ಇಟ್ಟು ನೋಡಿದೆ. ಗಜ್ಜರಿ, ಬೀಟ್‌ರೂಟ್‌ಗೆ ಬಹಳ ಒಳ್ಳೆಯದು, ಸೊಪ್ಪು ಮಾತ್ರ ಕಿತ್ತ ದಿನವೇ ಕತ್ತರಿಸಬೇಕು. ಉಳ್ಳಾಗಡ್ಡಿ ಮಾತ್ರ ಬೇಡವೇ ಬೇಡ. ಅದಕ್ಕೆ ತೇವ ಅಂದರೆ ಆಗದು, ಒಂದೇ ವಾರಕ್ಕೆ ಬೇರು ಬಿಟ್ಟಿತು. ಅದು ಅಟ್ಟಣಿಗೆ ಮೇಲೆ, ಗಾಳಿ ಹಾಯುವ ಬಿದಿರಿನ ತಟ್ಟಿಯಲ್ಲೇ ಇರಲಿ.

ಬಿತ್ತನೆಯ ಹಸಿ ಶುಂಠಿಗೆ ನಾವು ಕುಣಿಯನ್ನೇ ಬಳಸುತ್ತೇವೆ, ನೆರಳಲ್ಲಿ, ಮೊಣಕಾಲೆತ್ತರ. ಶುಂಠಿ ಒಂದು ಪದರ, ಉಸುಕು ಒಂದು ಪದರ. ಮೇಲೆ ಒಂದು ಗೇಣು ಖಾಲಿ ಬಿಟ್ಟು ತೂತು ಇರುವ ಹಲಗೆ ಮುಚ್ಚುತ್ತೇವೆ. ಫೆಬ್ರವರಿಯಿಂದ ಮೇ ತನಕ ಚೆನ್ನಾಗಿರುತ್ತದೆ. ಕುಣಿಯ ತಪ್ಪಲ್ಲ ಅಂತ ನನಗೆ ಖಾತ್ರಿಯಾದದ್ದು ಇದರಿಂದಲೇ, ನಾನು ಹಗೇವಿನ ಬಾಯಿ ಮೆತ್ತಿದ್ದು ತಪ್ಪು. ಬರುವ ಫೆಬ್ರವರಿಗೆ ಶುಂಠಿ ಕುಣಿಯ ಪಕ್ಕದಲ್ಲೇ ಅದೇ ಅಳತೆಯ ಇನ್ನೊಂದು ಕುಣಿ ತೋಡಿ, ತೂತಿನ ಹಲಗೆ ಮುಚ್ಚಿ, 50 ಕೆಜಿ ಆಲೂಗಡ್ಡೆ ಇಡುತ್ತೇನೆ. ಹಲಗೆ ಈಗಾಗಲೇ ಬಡಗಿಯ ಹತ್ತಿರ ಕೊಟ್ಟಾಗಿದೆ.