ಚಿಪ್ ಬಿಸಿ ಮಾಡಿ ಕೊಡುತ್ತೇವೆ ಎನ್ನುವವರ ಕೈಗೆ ಗೇಮ್ ಕನ್ಸೋಲ್ ಕೊಡಬೇಡಿ

ಹಳೆಯ ಗೇಮ್ ಕನ್ಸೋಲನ್ನು (ಟಿವಿಗೆ ಜೋಡಿಸಿ ಆಟವಾಡುವ ಯಂತ್ರ) ರಿಪೇರಿಗೆ ಒಯ್ದಾಗ, ಮುಚ್ಚಳ ತೆಗೆಯುವ ಮೊದಲೇ "ಚಿಪ್ ಸ್ವಲ್ಪ ಬಿಸಿ ಮಾಡಿದರೆ ಸರಿಹೋಗುತ್ತದೆ" ಎಂದರೆ ಯಂತ್ರವನ್ನು ಎತ್ತಿಕೊಂಡು ಹೊರಟುಬಿಡಿ. ನನ್ನದನ್ನು ಹಾಗೆಯೇ "ಸರಿಮಾಡಿ" ಕೊಟ್ಟರು. ಕೆಲವು ದಿನ ಚೆನ್ನಾಗಿಯೇ ಓಡಿತು. ಆಮೇಲೆ ಪರದೆಯ ತುಂಬ ಬಣ್ಣಬಣ್ಣದ ಚೌಕಗಳು ಎದ್ದವು, ಕೊನೆಗೆ ಚಿತ್ರವೇ ಇಲ್ಲ. ವಾಪಸ್ ಒಯ್ದು ಕೇಳಿದರೆ, "ಹಳೆಯ ಮಾಲು, ಇನ್ನೆಷ್ಟು ದಿನ ಬಂದೀತು?" ಎಂಬ ಉತ್ತರ. ದುಡ್ಡು ಎಣಿಸಿಕೊಳ್ಳುವಾಗ ಮಾತ್ರ ಅದು ಹಳೆಯದಾಗಿರಲಿಲ್ಲ.

ಇನ್ನೊಬ್ಬ ತಂತ್ರಜ್ಞರು ಅದನ್ನು ನನ್ನೆದುರೇ ಬಿಚ್ಚಿದರು. ಗ್ರಾಫಿಕ್ಸ್ ಚಿಪ್ಪಿನ ಸುತ್ತ ಬೋರ್ಡ್ ಕಂದು ತಿರುಗಿತ್ತು. ಪಕ್ಕದ ಪ್ಲಾಸ್ಟಿಕ್ ಕನೆಕ್ಟರ್ ಒಂದು ಬದಿಗೆ ಕರಗಿ ವಾಲಿತ್ತು. ಎರಡು ಕೆಪ್ಯಾಸಿಟರ್‌ಗಳ ತಲೆ ಉಬ್ಬಿತ್ತು. ಸ್ಕೇಲ್ ಇಟ್ಟು ನೋಡಿದರೆ ಬೋರ್ಡೇ ಬಾಗಿದ್ದು ಕಾಣುತ್ತಿತ್ತು. "ಮೊದಲೇ ತಂದಿದ್ದರೆ ಚಿಪ್ ಬದಲಾಯಿಸಬಹುದಿತ್ತು, ಈ ಬೋರ್ಡಿನ ಮೇಲೆ ಇನ್ನು ಏನೂ ಕೂರುವುದಿಲ್ಲ" ಎಂದರು. ಬಿಸಿ ಚಿಕಿತ್ಸೆ ದೋಷವನ್ನು ನೀಗಿಸಲಿಲ್ಲ ಎನ್ನುವುದಕ್ಕಿಂತ, ನಿಜವಾದ ರಿಪೇರಿಯ ದಾರಿಯನ್ನೇ ಮುಚ್ಚಿಬಿಟ್ಟಿತು ಎನ್ನುವುದು ನನ್ನ ಸಿಟ್ಟಿಗೆ ಕಾರಣ.

ಎಕ್ಸ್‌ಬಾಕ್ಸ್ 360, ಪ್ಲೇಸ್ಟೇಷನ್ 3 ಪೀಳಿಗೆಯ ಯಂತ್ರಗಳು ಸಾಯುವ ಬಗೆ ಹೀಗೆ. ಸಿಲಿಕಾನ್ ತುಣುಕು ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆ ಹನಿಗಳ ಮೇಲೆ ಒಂದು ಚಿಕ್ಕ ಹಲಗೆಗೆ ಅಂಟಿರುತ್ತದೆ. ಆ ಹಲಗೆ ಬೆಸುಗೆಯ ದೊಡ್ಡ ಗುಂಡುಗಳ ಮೂಲಕ ಯಂತ್ರದ ಮುಖ್ಯ ಬೋರ್ಡಾದ ಮದರ್‌ಬೋರ್ಡಿಗೆ ಅಂಟಿರುತ್ತದೆ. ಆಡುವಾಗ ಕಾದು, ನಿಲ್ಲಿಸಿದಾಗ ಆರಿ, ವರ್ಷಗಟ್ಟಲೆ ಹಿಗ್ಗಿ ಕುಗ್ಗಿ ಈ ಜೋಡಣೆ ಬಿರುಕು ಬಿಡುತ್ತದೆ. ರಿಪೇರಿಯವರು ದೂರುವುದು ದೊಡ್ಡ ಗುಂಡುಗಳನ್ನು, ಅದರಲ್ಲೂ ಸೀಸರಹಿತ ಬೆಸುಗೆಯನ್ನು. ಆದರೆ ಎಷ್ಟೋ ಸಲ ಬಿರುಕಿರುವುದು ಒಳಗಿನ ಸಣ್ಣ ಹನಿಗಳಲ್ಲಿ. ಸೀಸರಹಿತ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು; ಕೈಯಲ್ಲಿ ಹಿಡಿದ ಬಿಸಿಗಾಳಿ ಯಂತ್ರ ಎಲ್ಲಿ ಎಷ್ಟು ಕಾಯಿಸಿತು ಎನ್ನುವುದು ಹಿಡಿದವರಿಗೂ ಗೊತ್ತಿರುವುದಿಲ್ಲ. ಬಿಸಿಗೆ ಲೋಹ ಹಿಗ್ಗಿ ಬಿರುಕಿನ ಎರಡು ಅಂಚು ತಾತ್ಕಾಲಿಕವಾಗಿ ತಾಗುತ್ತವೆ, ಅಷ್ಟೇ. ಗೋಡೆಯ ಬಿರುಕಿಗೆ ಸುಣ್ಣ ಬಳಿದ ಹಾಗೆ.

ಇದೇನು ಸಣ್ಣ ಸಮಸ್ಯೆಯಾಗಿರಲಿಲ್ಲ. ಎಕ್ಸ್‌ಬಾಕ್ಸ್ 360ರ ಕೆಂಪು ದೀಪಗಳ ದೋಷಕ್ಕಾಗಿ (ಯಂತ್ರ ಕೆಟ್ಟಾಗ ಮುಂಭಾಗದಲ್ಲಿ ಕೆಂಪು ದೀಪಗಳು ಮಿನುಗುತ್ತಿದ್ದವು) 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ವಾರಂಟಿಯನ್ನು 3 ವರ್ಷಕ್ಕೆ ವಿಸ್ತರಿಸಿ, 100 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿರಿಸಿತು. ತಯಾರಕರಿಗೇ ಅಷ್ಟು ಬೆಲೆ ತೆತ್ತ ದೋಷ ಒಂದು ಬಿಸಿಗಾಳಿಗೆ ವಾಸಿಯಾಗುತ್ತದೆಂದು ನಂಬುವುದು ಹೇಗೆ?

ಯಂತ್ರಕ್ಕಿಂತ ನನಗೆ ನೋವಾಗಿದ್ದು ಉಳಿಸಿಟ್ಟ ಆಟಗಳು ಹೋದದ್ದಕ್ಕೆ. ಹಾರ್ಡ್ ಡಿಸ್ಕ್ ಚೆನ್ನಾಗಿದೆಯಲ್ಲ, ಅಂಥದೇ ಬೇರೆ ಯಂತ್ರಕ್ಕೆ ಹಾಕಿದರಾಯಿತು ಎನ್ನಬೇಡಿ. ಪ್ಲೇಸ್ಟೇಷನ್ 3ರಂಥ ಯಂತ್ರಗಳಲ್ಲಿ ಡಿಸ್ಕಿನ ಮಾಹಿತಿ ಆ ಒಂದು ಯಂತ್ರದ ಕೀಲಿಯಿಂದಷ್ಟೇ ತೆರೆದುಕೊಳ್ಳುತ್ತದೆ. ಬೇರೆಯದಕ್ಕೆ ಹಾಕಿದರೆ ಅದನ್ನು ಅಳಿಸಿ ಹೊಸದಾಗಿ ಸಿದ್ಧಪಡಿಸಲು ಕೇಳುತ್ತದೆ. ಆದ್ದರಿಂದ ಯಂತ್ರ ಒಮ್ಮೊಮ್ಮೆಯಾದರೂ ಚಾಲೂ ಆಗುತ್ತಿರುವಾಗಲೇ ಆದಷ್ಟನ್ನೂ ಹೊರಗೆ ನಕಲು ಮಾಡಿಟ್ಟುಕೊಳ್ಳಿ. ಎಕ್ಸ್‌ಬಾಕ್ಸ್ 360ರ ಆಟದ ಡಿಸ್ಕ್ ಓದುವ ಡ್ರೈವ್ ಕೂಡ ತನ್ನ ಮದರ್‌ಬೋರ್ಡಿಗೆ ಗಂಟುಬಿದ್ದಿರುತ್ತದೆ. ಹಳೆಯ ಡ್ರೈವಿನ ಸರ್ಕ್ಯೂಟ್ ಬೋರ್ಡನ್ನು ಎಸೆದರೆ, ಹೊಸದನ್ನು ಹಾಗೆಯೇ ಜೋಡಿಸಿದಾಗ ಆಟದ ಡಿಸ್ಕ್ ಓಡುವುದಿಲ್ಲ.

ಕೊಡುವ ಮೊದಲು ಕೇಳಿ: ಚಿಪ್ ಬದಲಾಯಿಸುತ್ತೀರೋ, ಇರುವುದನ್ನೇ ಕಾಯಿಸುತ್ತೀರೋ? ಉತ್ತರ ತಡವರಿಸಿದರೆ ಬೇಡ. ಬೋರ್ಡಿನ ಎರಡೂ ಬದಿಯ ಫೋಟೋ ಕೇಳಿ. ಪ್ಲೇಸ್ಟೇಷನ್ 5 ಆಗಿದ್ದರೆ ಒಳಗೆ ಚಿಪ್ಪಿನ ಬಿಸಿಯನ್ನು ಹೊರಗೆ ಸಾಗಿಸುವ ದ್ರವ ಲೋಹವಿದೆ, ಅದರ ಒಂದು ತೊಟ್ಟು ಬೋರ್ಡಿನ ಮೇಲೆ ಜಾರಿದರೂ ಶಾರ್ಟ್ ಆದೀತು. ಅದನ್ನು ನಿಭಾಯಿಸಿದ ಅನುಭವವಿದೆಯೇ ಎಂದು ವಿಚಾರಿಸಿ. ವಾಪಸ್ ಪಡೆಯುವಾಗ ಮೆನು ಬಂತೆಂದು ಒಪ್ಪಿಕೊಳ್ಳಬೇಡಿ. ಭಾರಿ ಆಟವೊಂದನ್ನು ಬಹಳ ಹೊತ್ತು ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಮತ್ತೆ ಹಚ್ಚಿ ನೋಡಿ. ಕಾಯಿಸಿ ಎಬ್ಬಿಸಿದ ಚಿಪ್ ಆ ಎರಡನೆಯ ಸಲ ಹಚ್ಚುವಾಗ ಕೈಕೊಟ್ಟೀತು.