ಎಷ್ಟು ಕಂಪ್ಯೂಟರ್‌ಗೆ ಹೋಯ್ತು? ಮೂರು ಕಡೆ ಕೇಳಿ ನೋಡಿದೆ

ನಾನು ಕೆಲಸ ಮಾಡುವ ಫೌಂಡ್ರಿ ಬೆಳಗಾವಿಯ ಉದ್ಯಮಬಾಗದಲ್ಲಿದೆ. ಮಚ್ಛೆಯಲ್ಲಿ ಇನ್ನೊಂದು ಶೆಡ್, ಹೊನಗಾದಲ್ಲಿ ಗೋಡೌನ್. ಎಲ್ಲ ಸೇರಿ 312 ಕಂಪ್ಯೂಟರ್. ಇವಕ್ಕೆಲ್ಲ ಸಾಫ್ಟ್‌ವೇರ್ ಹಾಕುವುದು ಮೈಕ್ರೋಸಾಫ್ಟ್‌ನ ಕಾನ್ಫಿಗರೇಶನ್ ಮ್ಯಾನೇಜರ್ ಮೂಲಕ. ನಮ್ಮ ಬಾಯಲ್ಲಿ ಅದು ಇನ್ನೂ ಎಸ್‌ಸಿಸಿಎಂ. ಹಾಕುವುದೇನು ದೊಡ್ಡ ಮಾತಲ್ಲ. ಹೋಯ್ತಾ ಇಲ್ವಾ ಅಂತ ಹೇಳುವುದೇ ತಲೆನೋವು.

ಫೈಲ್ ಕುಗ್ಗಿಸುವ 7-ಜಿಪ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಕಳಿಸಿದ್ದೆವು. ರಜೆ ಮುಗಿದ ಮರುದಿನ ಬೆಳಗ್ಗೆ 10ಕ್ಕೇ ಸಾಹೇಬರು ಬಂದು ನಿಂತರು. ಎಸ್‌ಸಿಸಿಎಂ ನಡೆಸುವ ಪರದೆ, ಅಂದರೆ ಕನ್ಸೋಲ್, ತೆರೆದು ತೋರಿಸಿದೆ: ಯಶಸ್ವಿ 241, ಎರರ್ 9, ಅನ್‌ನೋನ್ 62.

"ಅನ್‌ನೋನ್ ಅಂದ್ರ ಏನ್ರಿ? ನಿಮಗ ಗೊತ್ತಿಲ್ಲೋ, ಅದಕ್ಕ ಗೊತ್ತಿಲ್ಲೋ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಆ ವಾರ ವಿಂಡೋಸ್‌ಗೆ ಕಮಾಂಡ್ ಬರೆದು ಕೆಲಸ ಮಾಡಿಸುವ ಪವರ್‌ಶೆಲ್‌ನಲ್ಲಿ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಕಡೆ ಕೇಳುತ್ತಾ ಕೂತೆ.

ಮೊದಲು ಹಿಡಿದದ್ದು ಎಸ್‌ಸಿಸಿಎಂನದೇ ಕಮಾಂಡ್‌ಗಳು. ಕನ್ಸೋಲ್ ಇನ್‌ಸ್ಟಾಲ್ ಮಾಡಿದರೆ ಇವೂ ಜೊತೆಗೆ ಬರುತ್ತವೆ. ಗೆಟ್-ಸಿಎಂಡಿಪ್ಲಾಯ್‌ಮೆಂಟ್‌ಗೆ ಸಾಫ್ಟ್‌ವೇರ್ ಹೆಸರು ಕೊಟ್ಟರೆ ಕನ್ಸೋಲ್‌ನಲ್ಲಿ ಕಂಡ ಅದೇ ಲೆಕ್ಕ ಕೊಡುತ್ತದೆ. ಯಾವ ಯಾವ ಕಂಪ್ಯೂಟರ್ ಅಂತ ಬೇಕಾದರೆ ಗೆಟ್-ಸಿಎಂಡಿಪ್ಲಾಯ್‌ಮೆಂಟ್‌ಸ್ಟೇಟಸ್, ಅದರ ಉತ್ತರವನ್ನು ಪೈಪ್ (|) ಚಿಹ್ನೆ ಹಾಕಿ ಗೆಟ್-ಸಿಎಂಡಿಪ್ಲಾಯ್‌ಮೆಂಟ್‌ಸ್ಟೇಟಸ್‌ಡೀಟೇಲ್ಸ್‌ಗೆ ದಾಟಿಸಬೇಕು. ಹೆಸರು ಉದ್ದ, ಆದರೆ ಓದಿದರೆ ಅರ್ಥ ಆಗುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೂ ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು.

ಒಂದು ಕಿರಿಕಿರಿ ಮಾತ್ರ ಇದೆ. ಸೈಟ್‌ನ (ನಮ್ಮ ಎಸ್‌ಸಿಸಿಎಂ ವ್ಯವಸ್ಥೆಯ) ಮೂರಕ್ಷರದ ಕೋಡ್ ಇಲ್ಲಿ ಸಿ, ಡಿ ಡ್ರೈವ್ ಥರ ಇರುತ್ತದೆ. ಅದರೊಳಗೆ ಹೋಗಿ ನಿಂತೇ ಕಮಾಂಡ್ ಹೊಡೆಯಬೇಕು, ಇಲ್ಲದಿದ್ದರೆ ಕೆಂಪು ಅಕ್ಷರ. ರಾತ್ರಿ ತಾನಾಗಿಯೇ ಓಡಲಿ ಅಂತ ಇದನ್ನು ಬೇರೆ ಅಕೌಂಟ್‌ನಲ್ಲಿ ಶೆಡ್ಯೂಲ್ ಮಾಡಿದೆ. ಬೆಳಗ್ಗೆ ನೋಡಿದರೆ ಫೈಲ್ ಖಾಲಿ! ಆ ಅಕೌಂಟ್‌ನಲ್ಲಿ ಯಾರೂ ಒಮ್ಮೆಯೂ ಕನ್ಸೋಲ್ ತೆರೆದಿರಲಿಲ್ಲ, ಹಾಗಾಗಿ ಡ್ರೈವೇ ಇರಲಿಲ್ಲ. ನ್ಯೂ-ಪಿಎಸ್‌ಡ್ರೈವ್ ಅಂತ ಒಂದು ಸಾಲು ಸೇರಿಸಿದ ಮೇಲೆ ಸರಿಹೋಯಿತು. ಅಷ್ಟು ಹೊತ್ತಿಗೆ ಮೂರು ಚಹಾ ಆಗಿತ್ತು.

ಎರಡನೆಯದು ನೇರವಾಗಿ ಎಸ್‌ಸಿಸಿಎಂ ಸರ್ವರ್‌ನ ಡಬ್ಲ್ಯುಎಂಐಗೆ, ಅಂದರೆ ವಿಂಡೋಸ್ ತನ್ನ ಮಾಹಿತಿ ಕೇಳಲು ಇಟ್ಟಿರುವ ಕಿಟಕಿಗೆ, ಕೈಹಾಕುವುದು. ಗೆಟ್-ಸಿಮ್‌ಇನ್‌ಸ್ಟೆನ್ಸ್ ಸಾಕು. ರೂಟ್, ಎಸ್‌ಎಂಎಸ್, ಸೈಟ್ ಕೋಡ್ ಅಂತ ಇಳಿಯುತ್ತಾ ಹೋದರೆ ಎಸ್‌ಎಂಎಸ್_ಡಿಪ್ಲಾಯ್‌ಮೆಂಟ್‌ಸಮ್ಮರಿ ಸಿಗುತ್ತದೆ. ಕನ್ಸೋಲ್ ಬೇಡ, ಡ್ರೈವ್ ಬೇಡ. ಅನುಮತಿ ಇದ್ದರೆ ಯಾವ ಕಂಪ್ಯೂಟರ್‌ನಿಂದಲೂ ಓಡುತ್ತದೆ. ಆದರೆ ಬರುವುದೆಲ್ಲ ಅಂಕಿ. ಫೀಚರ್‌ಟೈಪ್ 1 ಅಂದರೆ ಅಪ್ಲಿಕೇಶನ್, 2 ಹಳೇ ಪದ್ಧತಿಯ ಪ್ಯಾಕೇಜ್, 5 ಅಪ್‌ಡೇಟ್, 7 ಟಾಸ್ಕ್ ಸೀಕ್ವೆನ್ಸ್ (ಒಂದರ ಹಿಂದೊಂದು ನಡೆಯುವ ಕೆಲಸಗಳ ಸರಣಿ). ಕಂಪ್ಯೂಟರ್‌ವಾರು ನೋಡಲು ಎಸ್‌ಎಂಎಸ್_ಆ್ಯಪ್‌ಡಿಪ್ಲಾಯ್‌ಮೆಂಟ್‌ಅಸೆಟ್‌ಡೀಟೇಲ್ಸ್. ಅಲ್ಲಿ 1 ಯಶಸ್ವಿ, 4 ಅನ್‌ನೋನ್, 5 ಎರರ್. ಚೀಟಿ ಬರೆದು ಮಾನಿಟರ್‌ಗೆ ಅಂಟಿಸಿಕೊಂಡಿದ್ದೇನೆ. ಹಳೇ ಸ್ಕ್ರಿಪ್ಟ್‌ಗಳಲ್ಲಿರುವ ಗೆಟ್-ಡಬ್ಲ್ಯುಎಂಐಆಬ್ಜೆಕ್ಟ್ ಪವರ್‌ಶೆಲ್ 7ರಲ್ಲಿ ಇಲ್ಲ, ಅದನ್ನು ಕಾಪಿ ಮಾಡಿ ಒದ್ದಾಡಬೇಡಿ.

ರಾತ್ರಿಯ ವರದಿಗೆ ನನಗೆ ಇದೇ ಇಷ್ಟವಾಯಿತು. ಹಾಗಂತ ಸಾಹೇಬರ ಪ್ರಶ್ನೆಗೆ ಇಲ್ಲೂ ಉತ್ತರ ಇಲ್ಲ. ಎರಡೂ ಕೇಳುವುದು ಅದೇ ಸರ್ವರನ್ನ. ಹಗ್ಗ ಬೇರೆ, ಬಾವಿ ಒಂದೇ. ಆ 241, 9, 62 ಅನ್ನುವುದೂ ಆ ಕ್ಷಣದ ಲೆಕ್ಕ ಅಲ್ಲ, ಸರ್ವರ್ ಆಗಾಗ ಕೂಡಿಸಿಟ್ಟ ಮೊತ್ತ. ಇನ್‌ವೋಕ್-ಸಿಎಂಡಿಪ್ಲಾಯ್‌ಮೆಂಟ್‌ಸಮ್ಮರೈಸೇಶನ್ ಕೊಟ್ಟು ಮತ್ತೆ ಕೂಡಿಸು ಅನ್ನಬಹುದು. ಆದರೆ ಕಂಪ್ಯೂಟರ್ ಇನ್ನೂ ಹೇಳದೇ ಇದ್ದದ್ದನ್ನು ಸರ್ವರ್ ಎಲ್ಲಿಂದ ತರುತ್ತದೆ, ಅಲ್ವಾ?

ಅದಕ್ಕೇ ಮೂರನೇ ಸಲ ಆ 62 ಕಂಪ್ಯೂಟರ್‌ಗಳನ್ನೇ ಕೇಳಿದೆ. ಪ್ರತಿಯೊಂದರಲ್ಲೂ ರೂಟ್, ಸಿಸಿಎಂ, ಕ್ಲೈಂಟ್‌ಎಸ್‌ಡಿಕೆ ಒಳಗೆ ಸಿಸಿಎಂ_ಅಪ್ಲಿಕೇಶನ್ ಇದೆ. ಇನ್‌ಸ್ಟಾಲ್‌ಸ್ಟೇಟ್ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ಇದಕ್ಕೆ ಕಂಪ್ಯೂಟರ್ ಆನ್ ಇರಬೇಕು, ದೂರದಿಂದ ಕೇಳಿದ್ದಕ್ಕೆ ಉತ್ತರಿಸುವ ವಿನ್‌ಆರ್‌ಎಂ ಸೇವೆ ನಡೆಯುತ್ತಿರಬೇಕು, ಫೈರ್‌ವಾಲ್‌ನಲ್ಲಿ 5985 ಪೋರ್ಟ್ ಬಿಟ್ಟಿರಬೇಕು, ಆ ಕಂಪ್ಯೂಟರ್‌ನಲ್ಲಿ ನಮಗೆ ಅಡ್ಮಿನ್ ಹಕ್ಕೂ ಇರಬೇಕು. ನಾನು ಮೊದಲು ಲೂಪ್ ಹಾಕಿ ಒಂದೊಂದಾಗಿ ಕೇಳಿದೆ. ಬಂದ್ ಇದ್ದ ಪ್ರತಿ ಕಂಪ್ಯೂಟರ್ ಎದುರೂ ಸ್ಕ್ರಿಪ್ಟ್ ಬಾಗಿಲು ತಟ್ಟುತ್ತಾ ನಿಂತುಬಿಟ್ಟಿತು. ಆಮೇಲೆ ಎಲ್ಲ ಹೆಸರನ್ನೂ ಒಟ್ಟಿಗೆ ಕೊಟ್ಟೆ. ಆಗ ಅದು ಏಕಕಾಲಕ್ಕೆ ಕೇಳುತ್ತದೆ. ಉತ್ತರಕ್ಕೆ ಕಾಯುವ ಸಮಯ (ಟೈಮ್‌ಔಟ್) ಕೂಡ ಕಡಿಮೆ ಮಾಡಿದೆ. ವ್ಯತ್ಯಾಸ ಬಹಳ.

62ರಲ್ಲಿ 38 ಉತ್ತರ ಕೊಟ್ಟವು. 33ರಲ್ಲಿ 7-ಜಿಪ್ ಆಗಲೇ ಕೂತಿತ್ತು! ರಜೆ ಮುಗಿಸಿ ಜನ ಬಂದು ಕಂಪ್ಯೂಟರ್ ಹಚ್ಚಿದ್ದರು, ಅದು ಇನ್‌ಸ್ಟಾಲ್ ಆಗಿತ್ತು, ಸುದ್ದಿ ಮಾತ್ರ ಲೆಕ್ಕಕ್ಕೆ ಸೇರಿರಲಿಲ್ಲ. ಐದರಲ್ಲಿ ಇರಲಿಲ್ಲ. ನಾಲ್ಕು ಶಾಪ್‌ಫ್ಲೋರ್‌ನ ಹಳೇ ಡಬ್ಬಿಗಳು, ಸಿ ಡ್ರೈವ್ ತುಂಬಿ ತುಳುಕುತ್ತಿತ್ತು. ಐದನೆಯದನ್ನು ನಾನೇ ತಪ್ಪು ಕಲೆಕ್ಷನ್‌ಗೆ (ಕಂಪ್ಯೂಟರ್‌ಗಳ ಗುಂಪಿಗೆ) ಹಾಕಿದ್ದೆ, ಆ ಮಾತು ಬಿಡಿ.

ನೆನಪಿರಲಿ, ಸಿಸಿಎಂ_ಅಪ್ಲಿಕೇಶನ್‌ನಲ್ಲಿ ಹಳೇ ಪ್ಯಾಕೇಜ್‌ಗಳು ಕಾಣುವುದಿಲ್ಲ. ಅವಕ್ಕೆ ಸಿಸಿಎಂ_ಪ್ರೋಗ್ರಾಂ ನೋಡಬೇಕು.

"ಸುಮ್ನೆ ವಿನ್32_ಪ್ರಾಡಕ್ಟ್ ಕೇಳಿದ್ರೆ ಆಯ್ತಲ್ಲ" ಅಂದ ಜೊತೆಯವನೊಬ್ಬ. ಬೇಡ. ಅದು ಪಟ್ಟಿ ಕೊಡುವ ನೆಪದಲ್ಲಿ ವಿಂಡೋಸ್ ಇನ್‌ಸ್ಟಾಲರ್‌ನಿಂದ ಹಾಕಿದ ಪ್ರತಿ ಎಂಎಸ್‌ಐ ಪ್ಯಾಕೇಜನ್ನೂ ತಪಾಸಣೆ ಮಾಡುತ್ತದೆ, ಕೆಲವೊಮ್ಮೆ ರಿಪೇರಿಗೇ ಇಳಿಯುತ್ತದೆ. ನಿಧಾನ ಬೇರೆ. ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯ ಅನ್‌ಇನ್‌ಸ್ಟಾಲ್ ಕೀ ನೋಡುವುದು ಎಷ್ಟೋ ವಾಸಿ, 32 ಬಿಟ್ ಸಾಫ್ಟ್‌ವೇರ್‌ಗಳಿಗೆ ಇರುವ ವಾವ್6432ನೋಡ್ ಭಾಗವನ್ನು ಮರೆಯದಿದ್ದರೆ. ಆದರೆ ಸಾಫ್ಟ್‌ವೇರ್ ಇದೆ ಅಂತಷ್ಟೇ ಅದು ಹೇಳುತ್ತದೆ. ಹಾಕಿದ್ದು ನಾವು ಎಸ್‌ಸಿಸಿಎಂನಿಂದ ಕಳಿಸಿದ ಡಿಪ್ಲಾಯ್‌ಮೆಂಟೋ, ಪೆನ್‌ಡ್ರೈವ್ ತಂದ ಪುಣ್ಯಾತ್ಮನೋ ಗೊತ್ತಾಗುವುದಿಲ್ಲ.

ಈಗ ನನ್ನ ರೂಢಿ ಹೀಗಿದೆ: ರಾತ್ರಿ ಎರಡನೆಯದು ಓಡುತ್ತದೆ, ಬೆಳಗ್ಗೆ ಅದರಲ್ಲಿ 4, ಅಂದರೆ ಅನ್‌ನೋನ್, ಅಂತ ಬಂದವನ್ನಷ್ಟೇ ಮೂರನೆಯದು ಹೋಗಿ ವಿಚಾರಿಸುತ್ತದೆ. ಮೊದಲನೆಯದನ್ನು ಯಾರಾದರೂ ಫೋನ್ ಮಾಡಿ ಒಂದೇ ಸಾಫ್ಟ್‌ವೇರ್ ಬಗ್ಗೆ ಕೇಳಿದಾಗ ಬಳಸುತ್ತೇನೆ.

ಆವತ್ತು ಉತ್ತರ ಕೊಡದ 24 ಕಂಪ್ಯೂಟರ್‌ಗಳ ಪಟ್ಟಿ ಹಿಡಿದು ಸಾಹೇಬರ ಹತ್ತಿರ ಹೋದೆ. ಅದರಲ್ಲೊಂದು ಲ್ಯಾಪ್‌ಟಾಪ್ ದೀಪಾವಳಿಯಿಂದ ಸ್ಟೋರ್ಸ್‌ನ ಕಪಾಟಿನಲ್ಲೇ ಇತ್ತು.

"ಇವು ಬಂದ್ ಅದಾವ್ರಿ ಸಾಹೇಬ್ರ. ಅವಕ್ಕೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ."

"ಹಂಗಾದ್ರ ಚಾಲೂ ಮಾಡಸ್ರಿ," ಅಂದರು.